ಅಟ್ಟದಲ್ಲಿ ಸಿಕ್ಕಿದ ಕಿಟಕಿ ಚಿಪ್ಪುಗಳು: ಬಿಸಿಲಿಗೆ ಇಡಬಹುದಾ?

ಹಂಚಿನಮನೆ (ತೀರ್ಥಹಳ್ಳಿ ಹತ್ರ), ಭಾನುವಾರ ಬೆಳಗ್ಗೆ 10:12

ಎಲ್ಲರಿಗೂ ನಮಸ್ಕಾರ. ನನಗೆ ಎಲೆಕ್ಟ್ರಾನಿಕ್ಸ್ ತಲೆಬುಡ ಗೊತ್ತಿಲ್ಲ. ದಡ್ಡ ಪ್ರಶ್ನೆ ಆದ್ರೆ ಬೈಬೇಡಿ.

ನಮ್ಮ ಅಪ್ಪಯ್ಯ ಜಾತ್ರೆ, ಗಣಪತಿ ಹಬ್ಬಕ್ಕೆಲ್ಲ ಲೈಟಿಂಗ್ ಮಾಡ್ತಿದ್ರು. ಈಗಿನ ಎಲ್‌ಇಡಿ ಪಟ್ಟಿ ಅಲ್ಲ, ಬಣ್ಣದಲ್ಲಿ ಅದ್ದಿ ಒಣಗಿಸಿದ ಬಲ್ಬಿನ ಸೀರಿಯಲ್ ಸೆಟ್, ಬಿದಿರಿನ ಚೌಕಟ್ಟಿಗೆ ಕಟ್ಟಿದ್ದು. ನವಿಲು ಗರಿ ಬಿಚ್ಚೋದು, ತೇರಿನ ಗಾಲಿ ತಿರುಗೋದು, ‘ಶ್ರೀ’ ಅಂತ ಒಂದೊಂದೇ ಗೆರೆ ಮೂಡೋದು. ಅವರು ಹೋಗಿ ಹನ್ನೊಂದು ವರ್ಷ ಆಯ್ತು. ಮೊನ್ನೆ ಮಳೆ ಹೊಳವಾಯ್ತಲ್ಲ ಅಂತ ಅಟ್ಟ ಗುಡಿಸೋಕೆ ಹತ್ತಿದಾಗ ಅವರ ಟ್ರಂಕ್ ಕೈಗೆ ಬಂತು. ಎರಡು ಬೋರ್ಡು, ಒಂದು ಬಿಸ್ಕತ್ತಿನ ಡಬ್ಬಿ. ಡಬ್ಬಿಯೊಳಗೆ ಥರ್ಮಾಕೋಲಿಗೆ ಚುಚ್ಚಿಟ್ಟ ನಾಲ್ಕು ಎಲೆಕ್ಟ್ರಾನಿಕ್ ಚಿಪ್ಪು, ಪ್ರತಿಯೊಂದರ ನಡುವೆ ದುಂಡಗೆ ಗಾಜಿನ ಕಿಟಕಿ. ಮೂರರ ಮೇಲೆ ಅಪ್ಪಯ್ಯನ ಅಕ್ಷರದಲ್ಲಿ ಚೀಟಿ: ನವಿಲು, ತೇರು, ಶ್ರೀ. ‘ತೇರು’ ಚೀಟಿ ಅರ್ಧ ಎದ್ದಿದೆ. ನಾಲ್ಕನೇದರ ಚೀಟಿ ಜಿರಲೆ ತಿಂದು ಅಂಟಿನ ಗುರುತು ಮಾತ್ರ ಉಳಿದಿದೆ.

ಟ್ರಂಕ್ ಒಳಗೆಲ್ಲ ಬೂಷ್ಟು. ಬೇಸಿಗೆಯಲ್ಲಿ ಅಪ್ಪಯ್ಯ ಈ ಚಿಪ್ಪುಗಳನ್ನ ತಟ್ಟೆಗೆ ಹಾಕಿ, ಅಂಗಳದಲ್ಲಿ ಹಪ್ಪಳದ ಚಾಪೆ ಪಕ್ಕ ವಾರಗಟ್ಲೆ ಬಿಸಿಲಿಗೆ ಇಡ್ತಿದ್ದಿದ್ದು ನನಗೆ ಚೆನ್ನಾಗಿ ನೆನಪಿದೆ. ತೇವ ಹೋಗ್ಲಿ ಅಂತ ಇರ್ಬೇಕು. ಇವತ್ತು ಒಳ್ಳೆ ಬಿಸಿಲು ಬಿದ್ದಿದೆ. ನಾನೂ ಇಡ್ಲಾ?


ಸಾಗರದ ರಿಪೇರಿ, ಭಾನುವಾರ 10:31

ಇಡ್ಬೇಡಿ. ಇಟ್ಟಿದ್ರೆ ಮೊದ್ಲು ಎತ್ಕೊಂಡು ಒಳಗೆ ಹೋಗಿ, ಆಮೇಲೆ ಮುಂದಿಂದು ಓದಿ.


ಹಂಚಿನಮನೆ, ಭಾನುವಾರ 10:38

ಅಯ್ಯೋ, ಇಟ್ಟಾಗಿತ್ತು. ಅರ್ಧ ಗಂಟೆ ಆಗಿರಬಹುದು. ಎತ್ತಿದೆ. ಎಂತಾಯ್ತು ಮಾರಾಯ್ರೆ?


ಸಾಗರದ ರಿಪೇರಿ, ಭಾನುವಾರ 10:55

ಅರ್ಧ ಗಂಟೆಗೆ ಎಂತದೂ ಆಗಿರಲ್ಲ, ಹೆದರ್ಬೇಡಿ. ಆದ್ರೆ ಒಂದು ಮಾತು ಹೇಳ್ಬೇಕು ಅಕ್ಕ. ನಿಮ್ಮ ಅಪ್ಪಯ್ಯ ಒಣಗಿಸ್ತಿದ್ದಿದ್ದಲ್ಲ, ಅಳಿಸ್ತಿದ್ರು.

ಅದು ಇಪ್ರಾಮ್ ಐಸಿ, ಕರೆಂಟ್ ಇಲ್ದಿದ್ರೂ ಬರೆದಿದ್ದು ನೆನಪಿಟ್ಕೊಳ್ಳೋ ಮೆಮೊರಿ ಚಿಪ್ಪು. ಲೈಟಿಂಗ್ ಡಿಸೈನ್ ಇರೋದು ಅದ್ರೊಳಗೆ. ಕಿಟಕಿ ಇರೋದೇ ಅಳಿಸೋಕೆ. ಅಲ್ಟ್ರಾವಯಲೆಟ್ ಲೈಟು ಬಿದ್ರೆ ಒಳಗೆ ಬರೆದಿದ್ದು ಹೋಗುತ್ತೆ. ಲ್ಯಾಬಲ್ಲಿ ಅದಕ್ಕೆ ಅಂತ್ಲೇ ಟ್ಯೂಬ್ ಹಾಕಿದ ಪೆಟ್ಟಿಗೆ ಇರುತ್ತೆ, ಅದ್ರಲ್ಲಿ ಹದಿನೈದಿಪ್ಪತ್ತು ನಿಮಿಷ ಸಾಕು. ಪೆಟ್ಟಿಗೆ ಇಲ್ದೋರು ಬಿಸಿಲಿಗೆ ಇಡ್ತಿದ್ರು, ನೇರ ಬಿಸಿಲಲ್ಲಿ ಸುಮಾರು ಒಂದು ವಾರ. ನೀವು ವಾರಗಟ್ಲೆ ಅಂದಿದ್ದು ಸರಿಯಾಗೇ ಇದೆ. ಹಳೇ ಡಿಸೈನ್ ಅಳಿಸಿ ಮುಂದಿನ ಜಾತ್ರೆಗೆ ಹೊಸದು ಬರೆಯೋ ತಯಾರಿ ಅದು.

ಈಗ ಮಾಡ್ಬೇಕಾದ್ದು ಇಷ್ಟೇ. ಕಿಟಕಿ ಮೇಲೆ ಬೆಳ್ಳಿ ಕಾಗದದ ತುಂಡು ಇಡಿ, ಮೇಲಿಂದ ಕರೀ ಇನ್ಸುಲೇಷನ್ ಟೇಪ್. ಬರೀ ಟೇಪ್ ಹಾಕಿದ್ರೆ ಗೋಂದು ಗಾಜಿಗೆ ಇಳಿಯುತ್ತೆ. ಅಪ್ಪಯ್ಯನ ಚೀಟಿ ಕೀಳ್ಬೇಡಿ, ಫೋಟೊ ತೆಗೆದು ಅದ್ರ ಮೇಲೇ ಮುಚ್ಚಿ. ಥರ್ಮಾಕೋಲಿಂದ ತೆಗೀರಿ, ಅದು ಸ್ಟ್ಯಾಟಿಕ್ ಹಿಡಿಯೋ ವಸ್ತು. ಕಾಲೆಲ್ಲ ಒಂದಕ್ಕೊಂದು ತಾಗೋ ಹಾಗೆ ಅಡುಗೆಮನೆ ಫಾಯಿಲಲ್ಲಿ ಸುತ್ತಿಡಿ. ಬೋರ್ಡಿಗೆ ಕರೆಂಟ್ ಅಂತೂ ಕೊಡ್ಲೇಬೇಡಿ. ಆ ಕಾಲದ ಲೈಟಿಂಗ್ ಬೋರ್ಡಲ್ಲಿ 230 ವೋಲ್ಟ್ ನೇರ ಐಸಿ ಗ್ರೌಂಡಿಗೇ ಬಂದಿರೋದು ಉಂಟು. ಮುಟ್ಟಿದ್ರೆ ಕಥೆ ಮುಗೀತು.


ಕೊಪ್ಪದ ಕಾಫಿಗಿಡ, ಭಾನುವಾರ 11:20

ತೇವಕ್ಕೆ ಬಚ್ಚಲೊಲೆ ಹತ್ರ ನಾಗಂದಿಗೆ ಮೇಲೆ ಇಡಿ. ನಮ್ಮನೇಲಿ ಜಾತಕ, ಸರ್ವೆ ನಕ್ಷೆ ಎಲ್ಲ ಅಲ್ಲೇ ಇರೋದು. ನೂರು ವರ್ಷ ಆಯ್ತು, ಒಂದಕ್ಕೂ ಹುಳ ಬಿದ್ದಿಲ್ಲ.


ಸಾಗರದ ರಿಪೇರಿ, ಭಾನುವಾರ 11:26

ಜಾತಕಕ್ಕೆ ಸರಿ, ಇದಕ್ಕೆ ಬೇಡ ಮಾರಾಯ್ರೆ. ಬಿಸಿ ಜಾಸ್ತಿ ಆದಷ್ಟೂ ಇದು ಬೇಗ ಸೋರುತ್ತೆ. ಕಂಪನಿಯವರು ಎಷ್ಟು ವರ್ಷ ಬಾಳುತ್ತೆ ಅಂತ ಪರೀಕ್ಷೆ ಮಾಡೋದೇ ಓವನ್ನಲ್ಲಿ ಬೇಯ್ಸಿ.


ಪಾಲಿಟೆಕ್ನಿಕ್ ಮೇಷ್ಟ್ರು (ಶಿವಮೊಗ್ಗ, ನಿವೃತ್ತ), ಭಾನುವಾರ ಸಂಜೆ 6:05

‘ಸೋರುತ್ತೆ’ ಎಂಬ ಮಾತನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಮುಂದಿನ ಕೆಲಸ ಅದರ ಮೇಲೇ ನಿಂತಿದೆ.

ಇಪ್ರಾಮ್ ಮಾಡಿದ್ದು ಇಂಟೆಲ್‌ನಲ್ಲಿದ್ದ ಡೋವ್ ಫ್ರೋಮನ್, 1971ರಲ್ಲಿ. ಮೊದಲ ಚಿಪ್ 1702. ಅದರಲ್ಲಿ ಹಿಡಿಸುತ್ತಿದ್ದದ್ದು 2048 ಬಿಟ್ (ಒಂದು ಬಿಟ್ ಎಂದರೆ ಒಂದು 0 ಅಥವಾ 1), ಎಂಟೆಂಟು ಸೇರಿಸಿದರೆ 256 ಬೈಟ್. ಒಳಗೆ ಒಂದೊಂದು ಬಿಟ್ಟಿಗೂ ಒಂದೊಂದು ಪುಟ್ಟ ದ್ವೀಪವಿದೆ, ಸುತ್ತ ಗಾಜಿನಂಥ ಆಕ್ಸೈಡ್ ಗೋಡೆ, ಯಾವ ತಂತಿಯೂ ಅದನ್ನು ಮುಟ್ಟುವುದಿಲ್ಲ. ಬರೆಯುವಾಗ ಹೆಚ್ಚಿನ ವೋಲ್ಟೇಜ್ ಕೊಟ್ಟು ಎಲೆಕ್ಟ್ರಾನುಗಳನ್ನು ಗೋಡೆ ಹಾರಿಸಿ ದ್ವೀಪಕ್ಕೆ ತಳ್ಳುತ್ತಾರೆ. ಆಮೇಲೆ ಬಂದ 27 ಸರಣಿಯ ಚಿಪ್ಪುಗಳಲ್ಲಿ ತುಂಬಿದ ದ್ವೀಪ 0, ಖಾಲಿ ದ್ವೀಪ 1. ಅಳಿಸಿದ ಚಿಪ್ಪಿನಲ್ಲಿ ಎಲ್ಲವೂ 1. ನೇರಳಾತೀತ ಬೆಳಕು ಎಲೆಕ್ಟ್ರಾನುಗಳಿಗೆ ಗೋಡೆ ಹಾರಿ ಹೊರಬರುವಷ್ಟು ಶಕ್ತಿ ಕೊಡುತ್ತದೆ. ಅಳಿಸುವ ದೀಪದ ಬೆಳಕು 253.7 ನ್ಯಾನೊಮೀಟರಿನದು. ಆ ಬೆಳಕು ನೆಲಕ್ಕೆ ಬೀಳುವ ಬಿಸಿಲಿನಲ್ಲಿ ಇಲ್ಲ, ಆದರೆ 300ರಿಂದ 400ರ ನಡುವಿನದು ಧಾರಾಳವಾಗಿದೆ, ಅದೂ ನಿಧಾನವಾಗಿ ಅದೇ ಕೆಲಸ ಮಾಡುತ್ತದೆ. ಹಳೆಯ ಟ್ಯೂಬ್‌ಲೈಟ್ ಕೂಡ. ಕಿಟಕಿ ತೆರೆದಿಟ್ಟರೆ ಕೋಣೆಯ ಟ್ಯೂಬ್‌ಲೈಟಿಗೆ ಸುಮಾರು ಮೂರು ವರ್ಷದಲ್ಲಿ ಅಳಿಸಬಹುದು ಎಂದು ತಯಾರಕರ ಕೈಪಿಡಿಯಲ್ಲೇ ಬರೆದಿತ್ತು. ಚೀಟಿ ಅಂಟಿಸುವ ರೂಢಿ ಬಂದದ್ದು ಅದಕ್ಕೆ. ನಮ್ಮ ಊರಿನ ಜಿರಲೆಗೆ ಇದು ಗೊತ್ತಿಲ್ಲ.

ಇನ್ನು ಬೆಳಕೇ ಬೀಳದಿದ್ದರೂ ಗೋಡೆ ವರ್ಷಗಟ್ಟಲೆ ಜಿನುಗುತ್ತದೆ. ಆ ಕಾಲದಲ್ಲಿ ತಯಾರಕರು ಭರವಸೆ ಕೊಡುತ್ತಿದ್ದದ್ದು ಸಾಮಾನ್ಯವಾಗಿ ಹತ್ತು ವರ್ಷಕ್ಕೆ. ಮೂವತ್ತು, ನಲವತ್ತು ವರ್ಷ ಸರಿಯಾಗಿರುವ ಚಿಪ್ಪುಗಳು ಬೇಕಾದಷ್ಟಿವೆ, ಆದರೆ ಅದು ಅವುಗಳ ಒಳ್ಳೆಯತನ, ನಮ್ಮ ಹಕ್ಕಲ್ಲ. ಜಿನುಗುವುದು ಒಂದೇ ದಿಕ್ಕಿಗೆ ಎಂಬುದನ್ನು ಗಮನಿಸಿ. ತುಂಬಿದ್ದು ಖಾಲಿಯಾಗುತ್ತದೆ, ಅಂದರೆ 0 ಹೋಗಿ 1 ಆಗುತ್ತದೆ. ಖಾಲಿ ದ್ವೀಪ ತಾನಾಗಿ ತುಂಬಿಕೊಳ್ಳುವುದಿಲ್ಲ.

ಚಿಪ್ಪಿನ ಮೇಲೆ ಯಾವ ನಂಬರ್ ಇದೆ, ತಾಯಿ?


ಹಂಚಿನಮನೆ, ಭಾನುವಾರ 7:40

2716 ಅಂತ ಇದೆ, ನಾಲ್ಕರಲ್ಲೂ. ಕಾಲು 24. ಎರಡರ ಕಾಲು ಹಳೇ ಬೆಳ್ಳಿ ಚಮಚದ ಥರ ಕಪ್ಪಾಗಿದೆ.


ಹೊಸನಗರ ಹೈದ, ಭಾನುವಾರ 8:02

2716 ಅಂದ್ರೆ 2 ಕೆಬಿ! ನಮ್ಮ ಚಿಕ್ಕಮ್ಮ ದಿನಾ ಕಳಿಸೋ ಶುಭೋದಯ ಫೋಟೊ ಇದರ ನೂರು ಪಟ್ಟು ಇದೆ. ಅಕ್ಕ, ಬೇಜಾರಾಗ್ಬೇಡಿ, ಇಷ್ಟೆಲ್ಲ ಒದ್ದಾಡೋ ಬದ್ಲು ಈಗಿನ ಪಿಕ್ಸೆಲ್ ಕಂಟ್ರೋಲರ್ ತಗೊಂಡು ನವಿಲಿನ ಡಿಸೈನ್ ಹೊಸದಾಗಿ ಮಾಡಿಸಿ. ಹತ್ತು ನಿಮಿಷದ ಕೆಲಸ. ಎಸ್‌ಡಿ ಕಾರ್ಡಿಗೆ ಹಾಕಿ ಬೀರುವಲ್ಲಿ ಇಟ್ರೆ ಶಾಶ್ವತ.


ಪಾಲಿಟೆಕ್ನಿಕ್ ಮೇಷ್ಟ್ರು, ಭಾನುವಾರ 9:15

ಶಾಶ್ವತವಲ್ಲ ಮಗಾ. ಎಸ್‌ಡಿ ಕಾರ್ಡ್, ಪೆನ್‌ಡ್ರೈವ್, ಎಸ್‌ಎಸ್‌ಡಿ ಎಲ್ಲ ಇದೇ ದ್ವೀಪದ ವಂಶ. 1967ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕಾಂಗ್ ಮತ್ತು ಝೀ ಎಂಬಿಬ್ಬರು ತೋರಿಸಿದ ಉಪಾಯ ಇವತ್ತಿಗೂ ಮೂಲ. 2716ರಲ್ಲಿ ಒಂದು ದ್ವೀಪಕ್ಕೆ ಒಂದೇ ಬಿಟ್, ತುಂಬಿದೆಯೋ ಖಾಲಿಯೋ ಎಂದಷ್ಟೇ ನೋಡಬೇಕು. ಈಗಿನ ಅಗ್ಗದ ಕಾರ್ಡಿನಲ್ಲಿ ಒಂದೇ ದ್ವೀಪಕ್ಕೆ ನಾಲ್ಕು ಬಿಟ್ ತುರುಕುವುದೂ ಇದೆ. ಆಗ ಹದಿನಾರು ಮಟ್ಟಗಳನ್ನು ಗುರುತಿಸಬೇಕು. ಅಕ್ಕಿ ಅಳೆಯುವ ಸೇರಿನಲ್ಲಿ ಚಿನ್ನ ತೂಗಿದ ಹಾಗೆ. ಮನೆಬಳಕೆಯ ಎಸ್‌ಎಸ್‌ಡಿ ಪೂರ್ತಿ ಸವೆದ ಮೇಲೆ, ಕರೆಂಟಿಲ್ಲದೆ 30 ಡಿಗ್ರಿಯಲ್ಲಿ ಒಂದು ವರ್ಷ ಹಿಡಿದುಕೊಂಡರೆ ಸಾಕು ಎನ್ನುತ್ತದೆ ಜೆಡೆಕ್ (ಚಿಪ್ ಉದ್ಯಮದ ಮಾನಕ ಸಂಸ್ಥೆ) ಮಾನದಂಡ. ಹೊಸದಾದರೆ ಇನ್ನೂ ಹೆಚ್ಚು ಬಾಳುತ್ತದೆ, ಆದರೂ ಬೀರುವಿನಲ್ಲಿಟ್ಟು ಮರೆತುಬಿಡುವ ವಸ್ತು ಅದಲ್ಲ.

2 ಕೆಬಿ ಎಂದು ನಕ್ಕೆಯಲ್ಲ, ಅದೇ ಇಲ್ಲಿನ ಭಾಗ್ಯ. ಸಾಲಿಗೆ 16 ಬೈಟ್ ಹಾಕಿದರೆ 128 ಸಾಲು. ಒಂದು ಚಿಪ್ಪಿನ ಪೂರ್ತಿ ಸರಕು ಮೂರು ಹಾಳೆ ಕಾಗದಕ್ಕೆ ಹಿಡಿಸುತ್ತದೆ.


ಸಾಗರದ ರಿಪೇರಿ, ಭಾನುವಾರ 9:30

ಹೈದ, ಹೊಸದು ಮಾಡ್ಸು ಅಂತ ಹೇಳೋದು ಸುಲಭ. ಆ ಕಾಲದಲ್ಲಿ ಇದನ್ನ ಹೆಂಗೆ ಬರೀತಿದ್ರು ಗೊತ್ತಾ? ಚೌಕುಳಿ ಹಾಳೇಲಿ ಎಂಟು ಕಾಲಂ ಹಾಕಿ, ಒಂದೊಂದು ಹೆಜ್ಜೆಗೂ ಯಾವ ದೀಪ ಹೊತ್ತಬೇಕು ಅಂತ ಪೆನ್ಸಿಲಲ್ಲಿ ತುಂಬೋದು. ಆಮೇಲೆ ಒಂದೊಂದೇ ಬೈಟ್ ಕೈಯಲ್ಲಿ ಒತ್ತಿ ಬರೆಯೋದು. ದೀಪದ ಸಾಲು ಎಂಟು, ಹೆಜ್ಜೆ 2048. 555 ಟೈಮರ್ ಟಿಕ್ ಟಿಕ್ ಕೊಡುತ್ತೆ, 4040 ಕೌಂಟರ್ ಎಣಿಸುತ್ತೆ, ಇಪ್ರಾಮ್ ಆ ನಂಬರಿನ ಬೈಟ್ ಹೊರಗೆ ಹಾಕುತ್ತೆ, ಟ್ರಯಾಕ್ ಅನ್ನೋ ಎಲೆಕ್ಟ್ರಾನಿಕ್ ಸ್ವಿಚ್ಚು ದೀಪ ಹೊತ್ತಿಸುತ್ತೆ. ಪ್ರೋಗ್ರಾಮೂ ಇಲ್ಲ, ಪ್ರೊಸೆಸರೂ ಇಲ್ಲ. ಅದು ಸಂಗೀತದ ಸ್ವರ ಬರೆದಿಟ್ಟ ಹಾಗೆ.

ಕಪ್ಪು ಕಾಲಿನ ಬಗ್ಗೆ: ಆ ಕಾಲದ ಕೆಲವು ಐಸಿ ಕಾಲಿಗೆ ಬೆಳ್ಳಿ ಲೇಪ ಇರ್ತಿತ್ತು. ನಿಮ್ಮ ಅಟ್ಟದ ಪಕ್ಕ ಗೋಬರ್ ಗ್ಯಾಸ್ ಇತ್ತಾ?


ಹಂಚಿನಮನೆ, ಭಾನುವಾರ 9:44

ಕೊಟ್ಟಿಗೆ ಹಿಂದೆ ಇತ್ತು! ನಿಮಗೆ ಹೆಂಗೆ ಗೊತ್ತಾಯ್ತು?


ಸಾಗರದ ರಿಪೇರಿ, ಭಾನುವಾರ 9:50

ಅದ್ರ ಗಾಳೀಲಿ ಗಂಧಕದ ಅಂಶ ಇರುತ್ತೆ, ಬೆಳ್ಳಿ ಕಪ್ಪು ಮಾಡುತ್ತೆ. ಮಲೆನಾಡಿನ ಟೀವಿ, ರೇಡಿಯೊ ಬಿಚ್ಚಿ ಬಿಚ್ಚಿ ಇದೊಂದು ವಿದ್ಯೆ ಬಂದಿದೆ ನಂಗೆ. ಚಾಕು ಹಾಕಿ ಕೆರೀಬೇಡಿ, ಕಾಲು ಮುರಿಯುತ್ತೆ. ಪೆನ್ಸಿಲ್ ರಬ್ಬರಲ್ಲಿ ಮೆಲ್ಲಗೆ ಉಜ್ಜಿದ್ರೆ ಸಾಕು.


ಮಂಡಗದ್ದೆ ಹಕ್ಕಿ, ಸೋಮವಾರ ಮಧ್ಯಾಹ್ನ 1:10

ನಡುವೆ ಬಾಯಿ ಹಾಕ್ತೀನಿ. ನನ್ನ ಹತ್ರ ಹಳೇ 8085 ಕಿಟ್ (ಮೈಕ್ರೊಪ್ರೊಸೆಸರ್ ಕಲಿಯೋ ಬೋರ್ಡು) ಇದೆ, ಡಿಪ್ಲೊಮಾ ಓದುವಾಗ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಅದ್ರಲ್ಲಿ ಬರೆದಿಟ್ಟ ಪ್ರೋಗ್ರಾಂ ಕರೆಂಟ್ ಹೋದ್ರೂ ಉಳೀತಿತ್ತು. ಈಗ ಆನ್ ಮಾಡಿದ್ರೆ ಡಿಸ್‌ಪ್ಲೇಲಿ ಕಸ. ಬೋರ್ಡ್ ಮೇಲೆ ಒಂದು ಮೂಲೇಲಿ ಹಸಿರು ಪುಡಿ. ಇದೂ ಇಪ್ರಾಮ್ ಸೋರಿದ್ದಾ?


ಪಾಲಿಟೆಕ್ನಿಕ್ ಮೇಷ್ಟ್ರು, ಸೋಮವಾರ 2:30

ಅದು ಬೇರೆ ಕಾಯಿಲೆ. ನಿಮ್ಮ ಪ್ರೋಗ್ರಾಂ ಇದ್ದದ್ದು ರ‍್ಯಾಮ್‌ನಲ್ಲಿ, ಬಹುಶಃ 6264, ಕರೆಂಟ್ ಇದ್ದಷ್ಟು ಹೊತ್ತು ಮಾತ್ರ ನೆನಪಿಟ್ಟುಕೊಳ್ಳುವ ಮೆಮೊರಿ. ಪಕ್ಕದ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಅದಕ್ಕೆ ಉಸಿರು ಕೊಡುತ್ತಿತ್ತು. ಬ್ಯಾಟರಿ ಸತ್ತ ಗಳಿಗೆಯಲ್ಲೇ ಬರೆದದ್ದು ಹೋಯಿತು, ಅದನ್ನು ತರಲಾಗದು. ಹಸಿರು ಪುಡಿ ಬ್ಯಾಟರಿಯ ಕ್ಷಾರ ತಾಮ್ರವನ್ನು ತಿಂದದ್ದು. ಬ್ಯಾಟರಿ ಕತ್ತರಿಸಿ ತೆಗೆದು, ವಿನೆಗರ್ ಅದ್ದಿದ ಹತ್ತಿಯಲ್ಲಿ ಒರೆಸಿ, ಡಿಸ್ಟಿಲ್ಡ್ ವಾಟರ್‌ನಲ್ಲಿ ತೊಳೆದು ಒಣಗಿಸಿ. ಇಲ್ಲದಿದ್ದರೆ ಅದು ಹರಿದು ಕಿಟ್ಟಿನ ಮಾನಿಟರ್ (ಕಿಟ್ ನಡೆಸುವ ಮೂಲ ಪ್ರೋಗ್ರಾಂ) ಇರುವ ಇಪ್ರಾಮ್‌ನ ಕಾಲಿಗೂ ಬರುತ್ತದೆ. ಆ ಇಪ್ರಾಮನ್ನು ಓದಿಸಿಟ್ಟುಕೊಳ್ಳಿ. ನಾನು ಕೆಲಸ ಮಾಡಿದ ಕಡೆ ಒಂದು ಬೀರು ತುಂಬ ಕಿಟ್ ಇದ್ದವು. ಗುಜರಿಗೆ ಹಾಕುವ ಮುಂಚೆ ಮಾನಿಟರ್ ಚಿಪ್ಪನ್ನಾದರೂ ಓದಿಡೋಣ ಅಂದೆ, ಕೇಳಲಿಲ್ಲ. ಕೆ.ಜಿ. ಲೆಕ್ಕದಲ್ಲಿ ಹೋದವು.

ಹಂಚಿನಮನೆಯವರೆ, ಶನಿವಾರ ಶಿವಮೊಗ್ಗಕ್ಕೆ ಬರಲಾಗುತ್ತದೆಯೇ? ನಮ್ಮ ಮನೆಯಲ್ಲಿ ಓದುವ ಸಾಮಾನು ಇದೆ. ಬೋರ್ಡುಗಳನ್ನೂ ತನ್ನಿ.


ಪಾಲಿಟೆಕ್ನಿಕ್ ಮೇಷ್ಟ್ರು, ಶನಿವಾರ ರಾತ್ರಿ 9:20

ಇವತ್ತಿನ ವರದಿ. ಅವರು ಚಿಪ್ಪುಗಳನ್ನು ಫಾಯಿಲಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದರು. ಜೊತೆಗೆ ಒಂದು ಬಾಟಲಿ ಅಪ್ಪೆಮಿಡಿ ಉಪ್ಪಿನಕಾಯಿ. ಚಿಪ್ಪಿಗಿಂತ ಅದನ್ನೇ ಮೊದಲು ನೋಡಿದೆ ಎಂದು ಮನೆಯವರು ಹೇಳುತ್ತಿದ್ದಾರೆ.

2716 ಬರೆಯಲು 25 ವೋಲ್ಟ್ ಬೇಕು, ಈಗಿನ ಎಷ್ಟೋ ಪ್ರೋಗ್ರಾಮರುಗಳಿಗೆ ಅದು ಆಗದು. ಓದಲು 5 ವೋಲ್ಟ್ ಸಾಕು. ನಾನು ಬಳಸಿದ್ದು ಆರ್ಡುಯಿನೊ ಮೆಗಾ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು: ವಿಳಾಸಕ್ಕೆ (ಎಷ್ಟನೇ ಬೈಟ್ ಬೇಕೆಂದು ಹೇಳಲು) 11 ತಂತಿ, ಡೇಟಾಕ್ಕೆ 8. ಚಿಪ್ಪನ್ನು ಒಂದು ಒಳ್ಳೆಯ ಐಸಿ ಬೇಸಿಗೆ ಕೂರಿಸಿ, ತೆಗೆದು ಹಾಕುವುದೆಲ್ಲ ಬೇಸಿನಿಂದಲೇ ಮಾಡಿದೆ, ಮುಪ್ಪಾದ ಕಾಲಿಗೆ ಕಷ್ಟ ಕೊಡುವುದು ಬೇಡ ಎಂದು. ಒಂದೊಂದನ್ನೂ ಇಪ್ಪತ್ತು ಸಲ ಓದಿ ಹೋಲಿಸಿದೆ.

‘ನವಿಲು’, ‘ಶ್ರೀ’ ಎರಡೂ ಇಪ್ಪತ್ತು ಸಲವೂ ಒಂದೇ. ಚೀಟಿ ಕಾಪಾಡಿದೆ.

‘ತೇರು’ ಪ್ರತಿ ಸಲವೂ ಬೇರೆ ಬೇರೆ ಬಂತು. ಒಂದು ಜಾಗ ತೋರಿಸುತ್ತೇನೆ. ಗಾಲಿ ತಿರುಗುವ ಭಾಗ ಇದು, 1 ಎಂದರೆ ಹೊತ್ತಿದ ದೀಪ:

10001000
01000100
00110010
00010001

ಮೂರನೇ ಸಾಲು ನೋಡಿ. ಮಿಕ್ಕ ಸಾಲುಗಳಲ್ಲಿ ಎದುರುಬದುರು ಎರಡೇ ಕಡ್ಡಿ ಹೊತ್ತುತ್ತವೆ, ಇಲ್ಲಿ ಮಾತ್ರ ಮೂರು. ಇದೇ ಸಾಲು ಕೆಲವು ಓದಿನಲ್ಲಿ ಸರಿಯಾಗಿ 00100010 ಎಂದೇ ಬಂದಿದೆ. ಅಂದರೆ ಆ ದ್ವೀಪ ಪೂರ್ತಿ ಖಾಲಿಯಾಗಿಲ್ಲ, ಅಂಚಿನಲ್ಲಿ ನಿಂತಿದೆ.

ಇಂಥಲ್ಲಿ ವೋಲ್ಟೇಜ್ ಇಳಿಸಬೇಕು. ಚಿಪ್ಪಿಗೆ ಕೊಡುವ ವೋಲ್ಟೇಜೇ ಒಳಗಿನ ಅಳತೆಗೋಲು. ಅದು ಇಳಿದರೆ ಅರೆ ತುಂಬಿದ ದ್ವೀಪವೂ ತುಂಬಿದ್ದೆಂದೇ ಲೆಕ್ಕಕ್ಕೆ ಬರುತ್ತದೆ. ಚಿಪ್ಪನ್ನೂ ಆರ್ಡುಯಿನೊವನ್ನೂ ಒಂದೇ ವೇರಿಯಬಲ್ ಸಪ್ಲೈಗೆ ಹಾಕಿ (ಯುಎಸ್‌ಬಿಯ 5 ವೋಲ್ಟ್ ಒಳಗೆ ಬರದ ಹಾಗೆ ನೋಡಿಕೊಂಡು) 5ರಿಂದ ಮೆಲ್ಲಗೆ ಇಳಿಸುತ್ತ ಬಂದೆ. 4.4ರ ಹತ್ತಿರ ಬಂದಾಗ ಹೆಚ್ಚಿನವು ನೆಟ್ಟಗಾದವು. ಒಂಬತ್ತು ಬಿಟ್ ಆಗಲೂ ಅಲುಗಾಡುತ್ತಿದ್ದವು. ಅವಕ್ಕೆ ಮತ ಎಣಿಸುವ ಹಾಗೆ ಬಹುಮತ ನೋಡಬಾರದು. ಜಿನುಗುವುದು 1ರ ಕಡೆಗೆ ಮಾತ್ರವಾದ್ದರಿಂದ, ಇಪ್ಪತ್ತರಲ್ಲಿ ಒಂದೇ ಸಲ 0 ಬಂದರೂ ಮೂಲದಲ್ಲಿ ಬರೆದದ್ದು 0 ಎಂದೇ ಹಿಡಿಯಬಹುದು, ಬೇಸಿನ ಸಂಪರ್ಕ ಗಟ್ಟಿಯಾಗಿದ್ದರೆ. ಹಾಗೆ ತುಂಬಿದ ಮೇಲೆ ಗಾಲಿಯ ಲಯಕ್ಕೆ ಒಂಬತ್ತೂ ಹೊಂದಿಕೊಂಡವು.

ನಾಲ್ಕನೆಯದು, ಚೀಟಿ ಇಲ್ಲದ್ದು: ಆದಿಯಿಂದ ಅಂತ್ಯದವರೆಗೆ ಬರೀ 1. ವೋಲ್ಟೇಜ್ ಇಳಿಸಿದರೂ ಅಷ್ಟೇ.


ಹೊಸನಗರ ಹೈದ, ಶನಿವಾರ 9:41

ಒಂದು ನಿಮಿಷ. 1 ಅಂದ್ರೆ ದೀಪ ಹೊತ್ತೋದು, ಹಳೇದಾದಷ್ಟೂ 0 ಹೋಗಿ 1 ಆಗೋದು. ಹಾಗಾದ್ರೆ ಈ ಚಿಪ್ಪು ಸಾಯ್ತಾ ಸಾಯ್ತಾ ಒಂದೊಂದೇ ದೀಪ ಜಾಸ್ತಿ ಹೊತ್ತಿಸ್ತಾ ಹೋಗುತ್ತಾ?


ಸಾಗರದ ರಿಪೇರಿ, ಶನಿವಾರ 9:47

ಹೌದು. ಕೊನೆಗೆ ನವಿಲೂ ಇಲ್ಲ, ತೇರೂ ಇಲ್ಲ, ಬರೀ ಬೆಳಕು. ಈಗ ಗೊತ್ತಾಯ್ತಾ ಹತ್ತು ನಿಮಿಷದ ಕೆಲಸ.


ಹೊಸನಗರ ಹೈದ, ಶನಿವಾರ 9:49

ಆಯ್ತಣ್ಣ, ಸೋತೆ. ಮೇಷ್ಟ್ರೆ, ಫೈಲ್ ಕಳಿಸ್ತೀರಾ? ಸ್ಕ್ರೀನ್ ಮೇಲೆ ಎಂಟು ಚುಕ್ಕಿ ಹಾಕಿ ಓಡಿಸಿ ನೋಡ್ತೀನಿ.


ಹಂಚಿನಮನೆ, ಭಾನುವಾರ ಮಧ್ಯಾಹ್ನ 12:30

ಎಲ್ಲರಿಗೂ ಎಷ್ಟು ಹೇಳಿದ್ರೂ ಸಾಲದು. ನಾಲ್ಕನೇದು ಖಾಲಿ ಅಂದಾಗ ಹೊಟ್ಟೆ ಚುರ್ ಅಂದಿತ್ತು. ಮನೆಗೆ ಬಂದು ಅಮ್ಮನಿಗೆ ಹೇಳಿದ್ರೆ ಅವರು ನಕ್ಕುಬಿಟ್ರು. ಅಪ್ಪಯ್ಯ ಕೊನೇ ವರ್ಷ ಹುಲಿ ಮಾಡ್ತೀನಿ ಅಂತ ಒಂದು ಚಿಪ್ಪು ಬಿಸಿಲಿಗೆ ಇಟ್ಟಿದ್ರಂತೆ. ಆಮೇಲೆ ಕೈ ನಡುಗೋಕೆ ಶುರುವಾಯ್ತು, ಹುಲಿ ಆಗ್ಲೇ ಇಲ್ಲ.

ಹೈದ ಕಳಿಸಿದ ವಿಡಿಯೊ ನೋಡಿದ್ವಿ. ಚುಕ್ಕಿ ಓಡುತ್ತೆ, ಆದ್ರೆ ನವಿಲು ಕಾಣಲ್ಲ. ಅಮ್ಮ ಹೇಳಿದ್ರು, ಒಂದನೇ ದೀಪದ ಸಾಲು ಕುತ್ತಿಗೆ, ಎರಡನೇದು ಮೂರನೇದು ಗರಿಯ ಎಡ ಬಲ ಒಳಸುತ್ತು, ನಾಲ್ಕನೇದು ಐದನೇದು ಹೊರಸುತ್ತು, ಎಂಟನೇದು ಕಣ್ಣು, ಅದು ಕೆಂಪು. ಚೌಕಟ್ಟಿಗೆ ಬಲ್ಬು ಕಟ್ಟಿದ್ದು ಅವರೇ ಅಲ್ವಾ. ಆರು, ಏಳು ನೆನಪಾಗ್ತಿಲ್ಲ ಅಂದ್ರು. ಬೋರ್ಡಿಂದ ಹೊರಟ ವೈರಿನ ಬಣ್ಣ ನೋಡಿ ಹೇಳ್ತೀನಿ ಅಂತ ಕನ್ನಡಕ ಹುಡುಕ್ತಿದ್ದಾರೆ.


ಪಾಲಿಟೆಕ್ನಿಕ್ ಮೇಷ್ಟ್ರು, ಭಾನುವಾರ 1:15

ಅದನ್ನೆಲ್ಲ ಅವರ ಬಾಯಲ್ಲೇ ರೆಕಾರ್ಡ್ ಮಾಡಿಕೊಳ್ಳಿ, ಚಿಪ್ಪಿನಲ್ಲಿ ಅದು ಇಲ್ಲ. ನಾನು ಓದಿದ್ದು ಬರೀ ಎಂಟು ಕಾಲಂ. ಹಾಳೆಯಲ್ಲಿ ಮುದ್ರಿಸಿ ಮೇಲೆ ಅವರು ಹೇಳಿದ ಹೆಸರು ಬರೆದು ಒಂದು ಪ್ರತಿ ನಿಮ್ಮಲ್ಲಿ, ಒಂದು ನನ್ನಲ್ಲಿ, ಒಂದು ಸಾಗರದಲ್ಲಿ ಇರಲಿ. ಲ್ಯಾಮಿನೇಷನ್ ಮಾಡಿಸಿ, ಗೆದ್ದಲಿಗೆ ಮೂಲ ಪ್ರತಿ ಬೇಡ. ಫೈಲಿನ ಚೆಕ್‌ಸಮ್ (ಎಲ್ಲ ಬೈಟುಗಳಿಂದ ಲೆಕ್ಕ ಹಾಕಿದ ತಾಳೆ ಸಂಖ್ಯೆ) ಕೂಡ ಹಾಳೆಯ ಕೆಳಗೆ ಬರೆದಿದ್ದೇನೆ. ಮುಂದೆ ಯಾರಾದರೂ ಟೈಪ್ ಮಾಡಿದರೆ ಒಂದಕ್ಷರ ತಪ್ಪಿದರೂ ಸಿಕ್ಕಿಬೀಳುತ್ತದೆ.


ಸಾಗರದ ರಿಪೇರಿ, ಭಾನುವಾರ 1:40

ಬೋರ್ಡ್ ಓಡಿಸೋ ಆಸೆ ಇದ್ರೆ ಹಳೇ ಐಸಿ ಹಾಕ್ಬೇಡಿ, ಅವು ರಿಟೈರ್ ಆಗ್ಲಿ. 28ಸಿ16 ಅಂತ ಇಇಪ್ರಾಮ್ (ಕರೆಂಟಲ್ಲೇ ಅಳಿಸೋ ಇಪ್ರಾಮ್) ಬರುತ್ತೆ, ಓದೋ ಮಟ್ಟಿಗೆ 2716 ಜಾಗಕ್ಕೇ ಸರಿಯಾಗಿ ಕೂರುತ್ತೆ, ಬರೆಯೋಕೆ 25 ವೋಲ್ಟೂ ಬೇಡ. ಅದಕ್ಕೆ ನವಿಲು ಹಾಕಿ ಕೊಡ್ತೀನಿ. ಟ್ರಯಾಕ್ ಭಾಗ ಕಿತ್ತು ಸದ್ಯ ಎಂಟು ಎಲ್‌ಇಡಿ ಹಾಕೋಣ, ಜೀವ ಮುಖ್ಯ.

ಮತ್ತೆ, ಬೋರ್ಡಲ್ಲಿ 555 ಪಕ್ಕ ಒಂದು ಪಾಟ್ ಇರುತ್ತೆ, ಸ್ಕ್ರೂಡ್ರೈವರಲ್ಲಿ ತಿರುಗ್ಸೋದು. ವೇಗ ಇರೋದು ಅದ್ರಲ್ಲಿ. ಗರಿ ಎಷ್ಟು ನಿಧಾನಕ್ಕೆ ಬಿಚ್ಚುತ್ತೆ ಅನ್ನೋದು ಯಾವ ಚಿಪ್ಪಲ್ಲೂ ಬರೆದಿಲ್ಲ, ನಿಮ್ಮ ಅಪ್ಪಯ್ಯ ಕೊನೇ ಸಲ ಎಲ್ಲಿಗೆ ತಿರುಗಿಸಿ ಬಿಟ್ಟಿದ್ರೋ ಅಲ್ಲಿದೆ. ಅದನ್ನ ಯಾರೂ ಮುಟ್ಟದ ಹಾಗೆ ನೋಡ್ಕೊಳ್ಳಿ. ಬಂದು ಮೀಟರಲ್ಲಿ ಅಳೀತೀನಿ.


ಹಂಚಿನಮನೆ, ಭಾನುವಾರ 1:52

ಅಣ್ಣ, ಅದು ನೀಲಿ ಬಣ್ಣದ್ದಾ, ಮೇಲೆ ಸಣ್ಣ ಸೀಳು ಇರೋದು?


ಸಾಗರದ ರಿಪೇರಿ, ಭಾನುವಾರ 1:53

ಹಾಂ ಅದೇ.


ಹಂಚಿನಮನೆ, ಭಾನುವಾರ 2:04

ನನ್ನ ಮಗ ಬೆಳಗ್ಗೆ ತಿರುಗಿಸಿ ಆಡ್ತಿದ್ದ. ಎಷ್ಟು ಸುತ್ತು ಅಂದ್ರೆ ಗೊತ್ತಿಲ್ಲ ಅಂತಾನೆ. ಅಮ್ಮ ಹೇಳ್ತಿದ್ದಾರೆ, ಚಿಂತೆ ಇಲ್ಲ, ಬೋರ್ಡ್ ಓಡಿಸಿ, ತಿರುಗಿಸ್ತಾ ಹೋಗಿ, ಸರಿ ಬಂದಾಗ ನಾನು ಸಾಕು ಅಂತೀನಿ ಅಂತ.